‘ಮನೆಮಗಳಂತೆ’: ವಲಸೆಯ ಶುಶ್ರೂಷಕಿಯ ಚಿತ್ರಣವನ್ನು ಕುರಿತು

೧

ವೃದ್ಧರಿರುವ ಮನೆಗೆ ದೂರದಿಂದ ಬಂದು, ಅಲ್ಲಿಯೇ ಉಂಡು ಮಲಗಿ, ಅವರ ಊಟ, ಔಷಧ, ಸ್ನಾನ, ಶೌಚಗಳನ್ನು ನೋಡಿಕೊಳ್ಳುವ ಹೆಂಗಸನ್ನು ಕುರಿತು ಆ ಮನೆಯವರು ಆಡುವ ಮಾತೊಂದುಂಟು: ‘ಅವಳು ನಮಗೆ ಮನೆಮಗಳಂತೆ.’ ಈ ಮಾತು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಫ್ಲಾರೆನ್ಸಿನಲ್ಲಿ, ಹಾಂಗ್ ಕಾಂಗಿನಲ್ಲಿ, ಟೆಲ್ ಅವೀವಿನಲ್ಲಿ, ಮುಂಬಯಿಯ ಮಾಟುಂಗದಲ್ಲಿ ಇದೇ ಭಾವ ಆಯಾ ನುಡಿಯಲ್ಲಿ ಕೇಳಿಬರುತ್ತದೆ. ಆಡುವವರ ಮನಸ್ಸಿನಲ್ಲಿ ಕಪಟವಿರಬೇಕೆಂದಿಲ್ಲ. ಬಹುಮಟ್ಟಿಗೆ ಕೃತಜ್ಞತೆಯೇ ಇರುತ್ತದೆ. ಆದರೆ ಕೃತಜ್ಞತೆಯ ಮಾತುಗಳನ್ನೂ ಅರ್ಥವಿಟ್ಟು ನೋಡಬೇಕಾದುದು ವಿಮರ್ಶೆಯ ಕರ್ತವ್ಯ.

ಈ ವಾಕ್ಯದ ಭಾರವೆಲ್ಲ ಕೊನೆಯ ‘ಅಂತೆ’ ಎಂಬ ಪುಟ್ಟ ಪ್ರತ್ಯಯದ ಮೇಲೆ ನಿಂತಿದೆ. ಅಲಂಕಾರಶಾಸ್ತ್ರದ ಪರಿಚಯವಿರುವವರಿಗೆ ಇದು ಉಪಮಾವಾಚಕ. ಉಪಮೇಯ, ಉಪಮಾನ, ಸಮಾನಧರ್ಮ, ವಾಚಕ ಎಂಬ ನಾಲ್ಕು ಅಂಗಗಳಲ್ಲಿ ವಾಚಕವು ಎರಡು ಕೆಲಸಗಳನ್ನು ಒಮ್ಮೆಗೇ ಮಾಡುತ್ತದೆ: ಸಾದೃಶ್ಯವನ್ನು ಹೇಳುತ್ತದೆ, ಭೇದವನ್ನು ಉಳಿಸುತ್ತದೆ. ಮುಖವು ಚಂದ್ರನಂತೆ ಎಂದಾಗ ಮುಖ ಮುಖವೇ, ಚಂದ್ರ ಚಂದ್ರನೇ. ಆ ಭೇದ ಕಾಣದಂತೆ ಮರೆಯಾದರೆ ಉಪಮೆ ರೂಪಕವಾಗುತ್ತದೆ ಎಂಬುದು ದಂಡಿಯಿಂದ ಬಂದ ತಿಳಿವಳಿಕೆ. ಮನೆಮಗಳಂತಿರುವವಳು ಮನೆಮಗಳಲ್ಲ. ಮಗಳಿಗೆ ಆಸ್ತಿಯಲ್ಲಿ ಪಾಲುಂಟು. ೨೦೦೫ರ ತಿದ್ದುಪಡಿಯ ಅನಂತರ ಹಿಂದೂ ಅವಿಭಕ್ತ ಕುಟುಂಬದಲ್ಲಿ ಆ ಪಾಲು ಮಗನ ಪಾಲಿಗೆ ಸಮ. ಮಗಳಂತಿರುವವಳಿಗೆ ಪಾಲಿಲ್ಲ, ಸಂಬಳವುಂಟು. ಮಗಳು ಮುನಿಸಿಕೊಳ್ಳಬಹುದು, ತವರಿಗೆ ಬಾರದೆ ಇರಬಹುದು, ಬಂದರೆ ಹಗಲೆಲ್ಲ ಮಲಗಿರಬಹುದು. ಮಗಳಂತಿರುವವಳಿಗೆ ಇವಾವುದೂ ಸಲ್ಲದು.

ಕನ್ನಡದಲ್ಲಿ ಈ ‘ಅಂತೆ’ಗೆ ಮತ್ತೊಂದು ಅರ್ಥವೂ ಇದೆ. ‘ಅವನು ಬಂದನಂತೆ’ ಎಂದರೆ ಬಂದನೆಂದು ಯಾರೋ ಹೇಳಿದರು ಎಂದರ್ಥ. ಹೇಳುವವನು ಕಂಡುದಲ್ಲ, ಕೇಳಿದುದು. ‘ಅವಳು ಮನೆಮಗಳಂತೆ’ ಎಂಬುದನ್ನು ಹೀಗೂ ಓದಬಹುದು: ಅವಳು ಮನೆಮಗಳೆಂದು ಹೇಳುತ್ತಾರೆ. ಹೇಳುವವರು ಯಾರು? ಮನೆಯವರು. ಅವಳು ಹೇಳಿದಳೆ? ಇದೇ ಈ ಪ್ರಬಂಧದ ಪ್ರಶ್ನೆ. ವಲಸೆ ಬಂದು ವೃದ್ಧರ ಶುಶ್ರೂಷೆಮಾಡುವವರ ಅನುಭವವನ್ನು ಚಿತ್ರಿಸುವ ಕೃತಿಗಳಲ್ಲಿ ಮೇಲು ಕೀಳುಗಳನ್ನು ನಿರ್ಣಯಿಸಲು ಈ ‘ಅಂತೆ’ಯನ್ನು ಕೃತಿಯು ಹೇಗೆ ನಡೆಸಿಕೊಂಡಿದೆ ಎಂಬುದು ಒಂದು ಒರೆಗಲ್ಲಾಗಬಲ್ಲದು. ಭೇದವನ್ನು ಮರೆಸಿ ಕಣ್ಣೀರು ತರಿಸುವ ಕೃತಿ ಸುಲಭದ ಕೃತಿ. ಭೇದವನ್ನು ಉಳಿಸಿಕೊಂಡೂ ಸ್ನೇಹವನ್ನು ನಂಬಿಸುವ ಕೃತಿಯೇ ಕಠಿನವಾದುದು.

೨

ಕೃತಿಗಳಿಗೆ ಹೋಗುವ ಮೊದಲು ಅವುಗಳ ಹಿಂದಿರುವ ಲೋಕವನ್ನು ಸಂಕ್ಷೇಪವಾಗಿ ನೋಡಬೇಕು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಟಲಿ, ಇಸ್ರೇಲ್, ಹಾಂಗ್ ಕಾಂಗ್, ತೈವಾನ್ ಮೊದಲಾದೆಡೆಗಳಲ್ಲಿ ಮುಪ್ಪಿನ ಆಯುಷ್ಯ ಹೆಚ್ಚಿತು, ಕುಟುಂಬಗಳು ಕಿರಿದಾದುವು, ಹೆಂಗಸರು ಹೊರಗಿನ ಉದ್ಯೋಗಗಳಿಗೆ ಹೋದರು. ವೃದ್ಧರನ್ನು ನೋಡಿಕೊಳ್ಳುವ ಕೆಲಸ ಮಾತ್ರ ಮನೆಯಲ್ಲಿಯೇ ಉಳಿಯಿತು. ಅದನ್ನು ಮಾಡಲು ರುಮೇನಿಯ, ಯುಕ್ರೇನ್, ಫಿಲಿಪೀನ್ಸ್, ಇಂಡೊನೇಷ್ಯ, ವಿಯೆಟ್ನಾಂ, ಶ್ರೀಲಂಕಾ ಹಾಗೂ ಭಾರತಗಳಿಂದ ಹೆಂಗಸರು ಬಂದರು. ಇಟಲಿಯಲ್ಲಿ ಇಂಥವಳಿಗೆ ‘ಬದಾಂತೆ’ ಎಂದು ಹೆಸರು; ಕಾಯುವುದು, ಗಮನವಿಡುವುದು ಎಂಬರ್ಥದ ಕ್ರಿಯಾಪದದಿಂದ ಹುಟ್ಟಿದ ಪದ. ೨೦೦೨ರ ಕಾನೂನಿನ ಮೇಲೆ ಆ ದೇಶ ಆರು ಲಕ್ಷಕ್ಕೂ ಮಿಕ್ಕ ವಲಸಿಗರ ವಾಸವನ್ನು ಸಕ್ರಮಗೊಳಿಸಿದಾಗ ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮನೆಗೆಲಸದವರೂ ವೃದ್ಧರ ಆರೈಕೆಯವರೂ ಆಗಿದ್ದರು. ಹಾಂಗ್ ಕಾಂಗಿನಲ್ಲಿ ಮನೆಗಳಲ್ಲಿ ದುಡಿಯುವ ವಿದೇಶೀಯರ ಸಂಖ್ಯೆ ಮೂರು ಲಕ್ಷವನ್ನು ದಾಟಿದೆ.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ೨೦೦೦ದಲ್ಲಿ ಈ ವ್ಯವಸ್ಥೆಗೆ ‘ಆರೈಕೆಯ ಜಾಗತಿಕ ಸರಪಳಿ’ ಎಂಬರ್ಥದ ಹೆಸರನ್ನಿತ್ತರು. ಶ್ರೀಮಂತ ದೇಶದ ಮನೆಯೊಂದರಲ್ಲಿ ತೆರವಾದ ಸ್ಥಾನವನ್ನು ಬಡದೇಶದ ಹೆಂಗಸು ತುಂಬುತ್ತಾಳೆ. ಅವಳ ಮನೆಯಲ್ಲಿ ತೆರವಾದ ಸ್ಥಾನವನ್ನು ಅವಳಿಗಿಂತ ಬಡವಳಾದವಳೋ, ತಾಯಿಯೋ, ಹಿರಿಯ ಮಗಳೋ ತುಂಬುತ್ತಾರೆ. ಸರಪಳಿಯ ಕೊನೆಯಲ್ಲಿ ಯಾರೋ ಒಬ್ಬರು ಆರೈಕೆಯಿಲ್ಲದೆ ಉಳಿಯುತ್ತಾರೆ. ಹಣದ ರವಾನೆ ಲೆಕ್ಕಕ್ಕೆ ಸಿಕ್ಕುತ್ತದೆ; ಆರೈಕೆಯ ಈ ರವಾನೆಗೆ ಖಾತೆಯೇ ಇಲ್ಲ. ಇಟಲಿಯಿಂದ ಮರಳಿದ ಹೆಂಗಸರಲ್ಲಿ ಕಂಡುಬಂದ ಒಂದು ಬಗೆಯ ವಿಷಣ್ಣತೆಗೆ ಯುಕ್ರೇನಿನ ಇಬ್ಬರು ಮನೋವೈದ್ಯರು ೨೦೦೫ರಲ್ಲಿ ‘ಇಟಲಿ ಲಕ್ಷಣಸಮೂಹ’ವೆಂದು ಹೆಸರಿಟ್ಟುದು ಈ ಖಾತೆಯಿಲ್ಲದ ಸಾಲದ ಒಂದು ಕುರುಹು. ವರ್ಷಗಟ್ಟಲೆ ಒಬ್ಬ ವೃದ್ಧೆಯೊಡನೆ ಒಂದೇ ಮನೆಯಲ್ಲಿ ಬೀಗಹಾಕಿದಂತೆ ಬದುಕಿ, ಊರಿಗೆ ಹೋದಾಗ ಮಕ್ಕಳು ತಮ್ಮನ್ನು ಅತಿಥಿಯಂತೆ ಕಾಣುವುದನ್ನು ಕಂಡವರು ಅವರು. ಇಲ್ಲಿಯೂ ಒಂದು ‘ಅಂತೆ’ ಉಂಟು. ಪರರ ಮನೆಯಲ್ಲಿ ಮಗಳಂತೆ ಇದ್ದವಳು ತನ್ನ ಮನೆಯಲ್ಲಿ ಅತಿಥಿಯಂತೆ ಆಗುತ್ತಾಳೆ.

೩

ಫೆದೆರಿಕೊ ಬೊಂದಿಯ ‘ಮಾರ್ ನೇರೊ’ (ಕಪ್ಪು ಸಮುದ್ರ, ೨೦೦೮) ಎಂಬ ಇಟಾಲಿಯನ್ ಚಲನಚಿತ್ರ ಈ ವಸ್ತುವನ್ನು ನೇರವಾಗಿ ಎತ್ತಿಕೊಂಡ ಕೃತಿ. ನಿರ್ದೇಶಕನ ಅಜ್ಜಿ ಹಾಗೂ ಆಕೆಯನ್ನು ನೋಡಿಕೊಂಡ ರುಮೇನಿಯದ ಹೆಂಗಸಿನ ನೆನಪಿನಿಂದ ಇದು ಹುಟ್ಟಿತು. ಫ್ಲಾರೆನ್ಸಿನ ಗೆಮ್ಮ ಗಂಡನನ್ನು ಕಳೆದುಕೊಂಡ ಮುದುಕಿ. ಮಗನಿಗೆ ದೂರದ ತ್ರಿಯೆಸ್ತೆಯಲ್ಲಿ ಉದ್ಯೋಗ. ತಾಯಿಯೊಡನೆ ಇರಲಾರದ ಅವನು ರುಮೇನಿಯದ ಆಂಜೆಲಾಳನ್ನು ಗೊತ್ತುಮಾಡುತ್ತಾನೆ. ಗೆಮ್ಮಳ ನಾಲಗೆ ಹರಿತ. ಪರದೇಶಿಗಳ ವಿಷಯದಲ್ಲಿ ಸಂಶಯವೂ ಹೆಚ್ಚು. ಆಂಜೆಲಾ ತಾಳ್ಮೆಯವಳು, ಆದರೆ ಅವಳ ತಾಳ್ಮೆಯನ್ನು ಸಾಧುತ್ವವೆಂದು ಚಿತ್ರ ತೋರಿಸುವುದಿಲ್ಲ. ಅವಳಿಗೆ ಗಂಡನಿದ್ದಾನೆ, ಮಗುವಾಗಬೇಕೆಂಬ ಆಸೆಯಿದೆ, ಆ ಆಸೆಗೆ ಹಣ ಬೇಕು. ತಾಳ್ಮೆ ಅವಳ ಬಂಡವಾಳ.

ಸ್ನೇಹ ಬೆಳೆಯುವ ಬಗೆಯನ್ನು ಬೊಂದಿ ಅವಸರವಿಲ್ಲದೆ ತೋರಿಸಿದ್ದಾನೆ. ಗೆಮ್ಮಳಾಗಿ ನಟಿಸಿದ ಇಲಾರಿಯಾ ಒಕ್ಕೀನಿಗೆ ೨೦೦೮ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿಯ ಪ್ರಶಸ್ತಿ ಬಂದುದು ಯೋಗ್ಯವಾಗಿಯೇ ಇದೆ. ಮುದುಕಿಯ ಸಿಡುಕು ಒಂದೇ ದಿನದಲ್ಲಿ ಕರಗದೆ, ಸಿಡುಕಾಗಿಯೇ ಉಳಿದು, ಅದರೊಳಗೇ ಅವಲಂಬನೆ ಬೆಳೆಯುತ್ತದೆ. ೨೦೦೭ರ ಜನವರಿ ೧ರಂದು ರುಮೇನಿಯ ಐರೋಪ್ಯ ಒಕ್ಕೂಟಕ್ಕೆ ಸೇರಿದ ಸಂದರ್ಭವೂ ಕಥೆಯಲ್ಲಿ ಬರುತ್ತದೆ. ರಾಜ್ಯಗಳ ನಡುವಿನ ಗಡಿ ಅಳಿಸಿದರೂ ಒಂದೇ ಅಡುಗೆಮನೆಯೊಳಗಿನ ಗಡಿ ಅಷ್ಟು ಬೇಗ ಅಳಿಸದು ಎಂಬುದನ್ನು ಪ್ರೇಕ್ಷಕ ತಾನಾಗಿ ಕಂಡುಕೊಳ್ಳುತ್ತಾನೆ.

ಕೃತಿಯ ಸತ್ತ್ವವಿರುವುದು ಮುಂದಿನ ತಿರುವಿನಲ್ಲಿ. ಊರಿನಲ್ಲಿರುವ ಗಂಡನಿಂದ ಸುದ್ದಿ ನಿಂತುಹೋಗುತ್ತದೆ; ಆಂಜೆಲಾ ಹೊರಡುತ್ತಾಳೆ. ಈ ವಸ್ತುವಿನ ಸಾಮಾನ್ಯ ಕೃತಿಯಾಗಿದ್ದರೆ ಕಥೆ ಫ್ಲಾರೆನ್ಸಿನಲ್ಲೇ ಉಳಿದು ಮುದುಕಿಯ ಏಕಾಂತವನ್ನು ತೋರಿಸಿ ಮುಗಿಯುತ್ತಿತ್ತು. ಶುಶ್ರೂಷಕಿ ಬಾಗಿಲನ್ನು ದಾಟಿದೊಡನೆ ಕಥೆಯಿಂದಲೇ ಹೊರಟುಹೋಗುತ್ತಿದ್ದಳು. ಬೊಂದಿ ಹಾಗೆ ಮಾಡದೆ ಗೆಮ್ಮಳನ್ನೇ ಅವಳ ಜೊತೆಗೆ ಹೊರಡಿಸುತ್ತಾನೆ. ಇಬ್ಬರೂ ಡಾನ್ಯೂಬ್ ನದಿ ಕಪ್ಪು ಸಮುದ್ರವನ್ನು ಸೇರುವ ಸುಲಿನಾದತ್ತ ಸಾಗುತ್ತಾರೆ. ಅಲ್ಲಿ ಭಾಷೆ ತಿಳಿಯದವಳು, ದಾರಿ ಅರಿಯದವಳು, ಪರದೇಶಿ ಯಾರೆಂದರೆ ಗೆಮ್ಮ. ಉಪಮಾನ ಉಪಮೇಯಗಳು ಅದಲುಬದಲಾಗುತ್ತವೆ. ಮುದುಕಿ ಈಗ ಆಂಜೆಲಾಳ ಮನೆಯವಳಂತೆ ಇರಲು ಪ್ರಯತ್ನಿಸಬೇಕು. ಆ ಪ್ರಯತ್ನದಲ್ಲಿ ಅದು ಎಷ್ಟು ಶ್ರಮದ ಕೆಲಸವೆಂಬುದು ಅವಳಿಗೂ ಪ್ರೇಕ್ಷಕನಿಗೂ ತಿಳಿಯುತ್ತದೆ. ಒಂದು ಆಕ್ಷೇಪವನ್ನು ಮಾತ್ರ ಹೇಳಬೇಕು. ಇಷ್ಟು ದೂರ ಹೋಗಬಲ್ಲ ಆರೋಗ್ಯವುಳ್ಳ ವೃದ್ಧೆಯನ್ನು ಆರಿಸಿಕೊಂಡುದರಿಂದ ಕೃತಿಗೆ ಅನುಕೂಲವಾಯಿತು. ಶಯ್ಯೆಹಿಡಿದ ದೇಹವನ್ನು ಎತ್ತಿ ಮಗ್ಗುಲಾಗಿಸುವ ಕೆಲಸ ಇಲ್ಲಿ ಬಹುಮಟ್ಟಿಗೆ ಮರೆಯಲ್ಲಿ ಉಳಿಯಿತು.

೪

ಆ ದೇಹಶ್ರಮವನ್ನು ಕಣ್ಣಮುಂದೆ ತರುವ ಕೃತಿ ಹಾಂಗ್ ಕಾಂಗಿನ ಆಲಿವರ್ ಚಾನ್ ಎಂಬ ನಿರ್ದೇಶಕಿಯ ಮೊದಲ ಚಿತ್ರ ‘ಸ್ಟಿಲ್ ಹ್ಯೂಮನ್’ (೨೦೧೮). ಇಲ್ಲಿ ಆರೈಕೆ ಬೇಕಾದವನು ಪೂರ್ಣ ವೃದ್ಧನಲ್ಲ. ಕಟ್ಟಡದ ಕೆಲಸದಲ್ಲಿ ಬಿದ್ದು ಮೈಯ ಕೆಳಭಾಗದ ಶಕ್ತಿ ಕಳೆದುಕೊಂಡ ನಡುವಯಸ್ಸು ದಾಟಿದವನು. ಹೆಂಡತಿ ಅಗಲಿದ್ದಾಳೆ, ಮಗ ಅಮೆರಿಕದಲ್ಲಿ ಓದುತ್ತಿದ್ದಾನೆ. ಫಿಲಿಪೀನ್ಸಿನಿಂದ ಬಂದ ಎವೆಲಿನ್ ಅವನನ್ನು ಗಾಲಿಕುರ್ಚಿಗೆ ಎತ್ತಬೇಕು, ಮೈ ತೊಳೆಸಬೇಕು, ರಾತ್ರಿ ಏಳಬೇಕು. ಅವನಿಗೆ ಇಂಗ್ಲಿಷ್ ಬಾರದು, ಇವಳಿಗೆ ಕ್ಯಾಂಟನೀಸ್ ಬಾರದು. ಭಾಷೆಗಾಗಿ ಇಬ್ಬರೂ ಪಡುವ ಪಾಡು ಚಿತ್ರದ ಅತ್ಯಂತ ಜೀವಂತ ಭಾಗ. ಊರಿನ ಗೆಳತಿಯರು ಎವೆಲಿನ್‌ಗೆ ಕೊಡುವ ಬುದ್ಧಿವಾದವೂ ಸ್ವಾರಸ್ಯವಾದುದು: ತಿಳಿದರೂ ತಿಳಿಯದವಳಂತೆ ಇರು, ಜಾಣೆಯೆಂದು ಗೊತ್ತಾದರೆ ಕೆಲಸ ಹೆಚ್ಚಾಗುತ್ತದೆ. ಮನೆಯವರು ‘ಮಗಳಂತೆ’ ಎನ್ನುವಾಗ ಅವಳು ‘ದಡ್ಡಿಯಂತೆ’ ಇರಬೇಕಾಗುತ್ತದೆ. ಎರಡು ಉಪಮೆಗಳ ನಡುವೆ ಅವಳ ನಿಜವಾದ ಮುಖ ಅಡಗಿಕೊಂಡಿದೆ.

ಎವೆಲಿನ್‌ಗೆ ಛಾಯಾಗ್ರಾಹಕಳಾಗುವ ಹಂಬಲ. ಒಡೆಯ ಅದನ್ನು ತಿಳಿದು ಕ್ಯಾಮೆರಾ ತೆಗೆಸಿಕೊಡುತ್ತಾನೆ, ಕೊನೆಗೆ ತನ್ನ ಅನುಕೂಲವನ್ನು ಬದಿಗಿಟ್ಟು ಅವಳ ದಾರಿಯನ್ನು ತೆರೆದುಬಿಡುತ್ತಾನೆ. ೨೦೧೯ರಲ್ಲಿ ಆ ನಗರದ ಚಲನಚಿತ್ರ ಪ್ರಶಸ್ತಿಗಳಲ್ಲಿ ಆಂಟನಿ ವಾಂಗ್ ಶ್ರೇಷ್ಠ ನಟನೆನಿಸಿಕೊಂಡನು. ಕ್ರಿಸೆಲ್ ಕೊನ್ಸುಂಜಿಗೆ ಹೊಸ ಕಲಾವಿದೆಯ ಪುರಸ್ಕಾರ ದೊರೆಯಿತು. ಇಬ್ಬರ ಅಭಿನಯದಲ್ಲೂ ಕೊರತೆ ಹುಡುಕುವುದು ಕಷ್ಟ. ಪ್ರಶ್ನೆ ಕಥಾವಸ್ತುವಿನ ವಿಷಯದ್ದು. ಎವೆಲಿನ್‌ನ ಬಿಡುಗಡೆ ಒಡೆಯನ ಔದಾರ್ಯದಿಂದ ಬರುವ ದಾನವಾಗಿದೆ. ೧೯೮೭ರಿಂದ ಆ ನಗರದಲ್ಲಿರುವ ನಿಯಮದಂತೆ ಒಪ್ಪಂದ ಮುಗಿದ ಎರಡು ವಾರಗಳಲ್ಲಿ ವಿದೇಶೀಯ ಗೃಹಸೇವಕಿ ಊರು ಬಿಡಬೇಕು; ೨೦೦೩ರಿಂದ ಒಡೆಯನ ಮನೆಯಲ್ಲಿಯೇ ವಾಸಿಸುವುದೂ ಕಡ್ಡಾಯ. ಒಡೆಯನು ಸಜ್ಜನನಾದರೆ ಕನಸು ಕೈಗೂಡುತ್ತದೆ, ಅಲ್ಲದಿದ್ದರೆ? ಒಳ್ಳೆಯ ಮನುಷ್ಯನೊಬ್ಬನ ಮೇಲೆ ಅಷ್ಟು ಭಾರ ಹೊರಿಸಿದ್ದರಿಂದ ನಿಯಮದ ಭಾರ ಹಗುರವಾಗಿ ಕಾಣುತ್ತದೆ.

ಚಿತ್ರದ ಚೀನೀ ಹೆಸರು ತಾಂಗ್ ಯುಗದ ಕವಿ ಬಾಯ್ ಜೂಯಿ ಬರೆದ ಪೀಪಾ ವಾದಕಿಯ ಪ್ರಸಿದ್ಧ ಕಾವ್ಯದಿಂದ ಬಂದುದು. ರಾಜಧಾನಿಯಿಂದ ದೂರಕ್ಕೆ ಕಳುಹಿಸಲ್ಪಟ್ಟ ಅಧಿಕಾರಿಯೊಬ್ಬ ರಾತ್ರಿ ನದಿಯ ಮೇಲೆ ವಾದಕಿಯೊಬ್ಬಳ ವಾದನವನ್ನು ಕೇಳಿ, ತಾವಿಬ್ಬರೂ ನೆಲೆತಪ್ಪಿದವರೇ ಎಂದು ಮರುಗುವ ಸಂದರ್ಭ ಅದು. ಮರುಕ ನಿಜವಾದುದು. ಆದರೆ ‘ನಾವಿಬ್ಬರೂ ಸಮಾನರು’ ಎಂದು ಹೇಳುವ ಅಧಿಕಾರ ಅಲ್ಲಿ ಅಧಿಕಾರಿಗೇ ಇತ್ತು, ಕಾವ್ಯವನ್ನು ಬರೆದವನೂ ಅವನೇ. ಈ ಎಚ್ಚರ ಚಲನಚಿತ್ರಕ್ಕೂ ಸಲ್ಲುತ್ತದೆ. ದುಃಖದಲ್ಲಿ ಸಾಮ್ಯವಿದ್ದ ಮಾತ್ರಕ್ಕೆ ಸ್ಥಿತಿಯಲ್ಲಿ ಸಾಮ್ಯ ಬಾರದು. ‘ಸ್ಟಿಲ್ ಹ್ಯೂಮನ್’ ಆರಂಭದಲ್ಲಿ ಉಪಮೆಯನ್ನು ಚೆನ್ನಾಗಿ ಕಾಪಾಡಿಕೊಂಡು ಕೊನೆಯಲ್ಲಿ ರೂಪಕಕ್ಕೆ ಜಾರಿದ ಕೃತಿ. ನೋಡಿದವರು ಹಗುರವಾದ ಮನಸ್ಸಿನಿಂದ ಏಳುತ್ತಾರೆ. ಆ ಹಗುರತನವೇ ಸಂಶಯಕ್ಕೆ ಕಾರಣ.

೫

ಇದೇ ನಗರದ ಹಿರಿಯ ನಿರ್ದೇಶಕಿ ಆನ್ ಹುಯಿಯ ‘ಎ ಸಿಂಪಲ್ ಲೈಫ್’ (೨೦೧೧) ಪ್ರಶ್ನೆಯನ್ನು ತಿರುಗಿಸಿ ಕೇಳುತ್ತದೆ: ಆರೈಕೆಮಾಡಿದವಳಿಗೆ ಮುಪ್ಪು ಬಂದಾಗ ಏನಾಗುತ್ತದೆ? ಚಿತ್ರನಿರ್ಮಾಪಕ ರೋಜರ್ ಲೀಯ ಜೀವನದಲ್ಲಿ ನಡೆದ ಸಂಗತಿಯನ್ನು ಆಧರಿಸಿದ ಈ ಚಿತ್ರದಲ್ಲಿ ಆ ತಾವ್ ಎಂಬವಳು ಒಂದೇ ಕುಟುಂಬದ ಹಲವು ತಲೆಮಾರುಗಳಿಗೆ ಅರುವತ್ತು ವರ್ಷ ಸೇವೆಮಾಡಿದ್ದಾಳೆ. ಚಿಕ್ಕಂದಿನಲ್ಲಿ, ಜಪಾನೀಯರ ಆಕ್ರಮಣದ ಕಾಲದ ಅನಾಥತೆಯಿಂದಾಗಿ ಮನೆಗೆಲಸಕ್ಕೆ ಬಂದವಳು ಅವಳು. ಕುಟುಂಬದ ಉಳಿದವರು ಅಮೆರಿಕಕ್ಕೆ ವಲಸೆಹೋಗಿದ್ದಾರೆ. ನಗರದಲ್ಲಿ ಉಳಿದ ಅವಿವಾಹಿತ ಮಗ ರೋಜರನ ಮನೆಯನ್ನು ಅವಳು ನೋಡಿಕೊಳ್ಳುತ್ತಿದ್ದಾಳೆ.

ಆರಂಭದ ಊಟದ ದೃಶ್ಯ ಎಷ್ಟು ಹೊಗಳಿದರೂ ಸಾಲದು. ಆ ತಾವ್ ಒಂದೊಂದೇ ಪದಾರ್ಥವನ್ನು ತಂದಿಡುತ್ತಾಳೆ, ರೋಜರ್ ಮಾತಿಲ್ಲದೆ ಉಣ್ಣುತ್ತಾನೆ. ಧನ್ಯವಾದವಿಲ್ಲ, ಬೈಗುಳವೂ ಇಲ್ಲ. ಅಷ್ಟು ವರ್ಷಗಳ ಅಭ್ಯಾಸ ಇಬ್ಬರನ್ನೂ ಮೌನದಲ್ಲಿ ನೆಲೆಗೊಳಿಸಿದೆ. ಆಮೇಲೆ ಅವಳಿಗೆ ಪಾರ್ಶ್ವವಾಯು ಬಡಿಯುತ್ತದೆ. ಆಸ್ಪತ್ರೆಯಲ್ಲಿ ಅವಳು ಮೊದಲು ಹೇಳುವ ಮಾತು ತಾನು ಕೆಲಸ ಬಿಟ್ಟು ವೃದ್ಧಾಶ್ರಮಕ್ಕೆ ಹೋಗುತ್ತೇನೆ ಎಂಬುದು. ಮನೆಮಗಳಾಗಿದ್ದರೆ ಆ ಮಾತು ಬರುತ್ತಿತ್ತೆ? ‘ಅಂತೆ’ಯ ಅರ್ಥ ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದೆ.

ವೃದ್ಧಾಶ್ರಮದಲ್ಲಿ ಭೇಟಿಗೆ ಬರುವ ರೋಜರ್ ಯಾರೆಂದು ಅಲ್ಲಿನವರು ಕೇಳುತ್ತಾರೆ. ಅವನು ತನ್ನನ್ನು ಅವಳ ಧರ್ಮಪುತ್ರನೆಂದು ಹೇಳಿಕೊಳ್ಳುತ್ತಾನೆ. ಅರುವತ್ತು ವರ್ಷಗಳಿಂದ ಹೆಸರಿಲ್ಲದಿದ್ದ ಸಂಬಂಧಕ್ಕೆ ಒಂದು ಹೆಸರು ಬೇಕಾಗುವುದು ಹೊರಗಿನವರು ಕೇಳಿದಾಗ. ಈ ಹೆಸರೂ ಒಂದು ಉಪಮೆಯೇ. ಆದರೆ ಇಲ್ಲಿ ವ್ಯತ್ಯಾಸವಿದೆ. ಅವಳನ್ನು ಮಗಳಂತೆ ಎಂದು ಕರೆದು ಅವಳ ಸೇವೆಯನ್ನು ಪಡೆಯುವುದು ಒಂದು. ತಾನು ಮಗನಂತೆ ಎಂದು ಹೇಳಿಕೊಂಡು ಅವಳ ಸೇವೆಯನ್ನು ತಾನು ಹೊರುವುದು ಇನ್ನೊಂದು. ಹೋಲಿಕೆಯನ್ನು ಹೇಳುವವನ ಮೇಲೆ ಅದರ ವೆಚ್ಚ ಬಿದ್ದಾಗ ಮಾತ್ರ ಅದು ಬೆಲೆಯುಳ್ಳದ್ದಾಗುತ್ತದೆ. ಆಶ್ರಮದ ಶುಲ್ಕವನ್ನು ರೋಜರ್ ಕೊಡುತ್ತಾನೆ; ಅವಳೊಡನೆ ನಡೆಯುತ್ತಾನೆ, ಉಣ್ಣುತ್ತಾನೆ, ತನ್ನ ಚಿತ್ರದ ಮೊದಲ ಪ್ರದರ್ಶನಕ್ಕೆ ಅವಳನ್ನು ಕರೆದೊಯ್ಯುತ್ತಾನೆ. ಆದರೂ ಆನ್ ಹುಯಿ ಅವರಿಬ್ಬರನ್ನೂ ತಾಯಿಮಕ್ಕಳನ್ನಾಗಿ ಮಾಡಿಬಿಡುವುದಿಲ್ಲ. ಕೊನೆಯವರೆಗೂ ಆ ತಾವ್‌ನ ನಡೆನುಡಿಯಲ್ಲಿ ಒಂದು ಸಂಕೋಚ, ಒಂದು ಮರ್ಯಾದೆಯ ದೂರ ಉಳಿದಿರುತ್ತದೆ. ಆ ಪಾತ್ರಕ್ಕಾಗಿ ಡೀನಿ ಇಪ್ ೨೦೧೧ರ ವೆನಿಸ್ ಉತ್ಸವದಲ್ಲಿ ಶ್ರೇಷ್ಠ ನಟಿಯ ಪ್ರಶಸ್ತಿ ಪಡೆದಳು. ಮೂರು ಕೃತಿಗಳಲ್ಲಿ ಭೇದವನ್ನೂ ಪ್ರೀತಿಯನ್ನೂ ಸಮತೂಕದಲ್ಲಿ ಹಿಡಿದುದು ಇದೇ. ಪ್ರೀತಿ ಇದ್ದಿತು, ಆದರೂ ಅದು ಸಂಬಳದ ಸಂಬಂಧವಾಗಿತ್ತು. ಸಂಬಳದ ಸಂಬಂಧವಾಗಿತ್ತು, ಆದರೂ ಪ್ರೀತಿ ಇದ್ದಿತು. ಈ ಎರಡು ವಾಕ್ಯಗಳಲ್ಲಿ ಒಂದನ್ನು ಬಿಟ್ಟರೂ ಸತ್ಯ ಕೆಡುತ್ತದೆ.

೬

ಕಲೆ ಹೀಗೆ ತೂಗಿನೋಡುವ ‘ಅಂತೆ’ ಕಾನೂನಿನ ಗದ್ಯದಲ್ಲಿ ಏನಾಗುತ್ತದೆಂಬುದನ್ನೂ ನೋಡಬೇಕು. ಇಸ್ರೇಲಿನಲ್ಲಿ ೧೯೮೮ರಲ್ಲಿ ಜಾರಿಗೆ ಬಂದ ದೀರ್ಘಕಾಲಿಕ ಆರೈಕೆಯ ವಿಮೆ, ವೃದ್ಧರು ತಮ್ಮ ಮನೆಯಲ್ಲಿಯೇ ಉಳಿದು ಶುಶ್ರೂಷೆ ಪಡೆಯುವ ವ್ಯವಸ್ಥೆಗೆ ಆಧಾರವಾಯಿತು. ವಿದೇಶೀಯ ಶುಶ್ರೂಷಕರು ಆ ವ್ಯವಸ್ಥೆಯ ಬೆನ್ನೆಲುಬಾದರು. ಕೆಲಸಗಾರರನ್ನು ಒಬ್ಬನೇ ಒಡೆಯನಿಗೆ ಕಟ್ಟಿಹಾಕುವ ಪದ್ಧತಿ ಆಧುನಿಕ ದಾಸ್ಯವನ್ನು ಹೋಲುತ್ತದೆಂದು ಅಲ್ಲಿನ ಉಚ್ಚ ನ್ಯಾಯಾಲಯ ೨೦೦೬ರಲ್ಲಿ ಖಂಡಿಸಿತು. ಆದರೆ ಅದೇ ನ್ಯಾಯಾಲಯ ೨೦೦೯ರಲ್ಲಿ, ಮತ್ತೆ ೨೦೧೩ರಲ್ಲಿ ವಿಸ್ತೃತ ಪೀಠದ ಬಹುಮತದಿಂದ, ೧೯೫೧ರ ದುಡಿಮೆಯ ಹೊತ್ತಿನ ಕಾನೂನು ಮನೆಯಲ್ಲಿಯೇ ವಾಸಿಸುವ ಶುಶ್ರೂಷಕರಿಗೆ ಅನ್ವಯಿಸದೆಂದು ತೀರ್ಮಾನಿಸಿತು. ವಾಸವೂ ಕೆಲಸವೂ ಒಂದೇ ಸೂರಿನಡಿ ಇರುವಾಗ ಯಾವ ಗಳಿಗೆ ದುಡಿಮೆ, ಯಾವ ಗಳಿಗೆ ಬಿಡುವು ಎಂದು ಬಿಡಿಸುವುದು ಹೇಗೆ ಎಂಬುದು ತೊಡಕು. ಒಡೆಯನಾದ ವೃದ್ಧನೂ ಅನೇಕವೇಳೆ ಸಿರಿವಂತನಲ್ಲ ಎಂಬುದನ್ನು ಒಪ್ಪಬೇಕು. ಆದರೆ ಫಲಿತಾಂಶ ಸ್ಪಷ್ಟ: ಮನೆಯವಳಂತೆ ಇರುವುದರಿಂದಲೇ ಅವಳ ಹೊತ್ತಿಗೆ ಲೆಕ್ಕವಿಲ್ಲದಾಯಿತು. ತೈವಾನಿನಲ್ಲಿಯೂ ಮನೆಗಳಲ್ಲಿ ದುಡಿಯುವ ಶುಶ್ರೂಷಕಿಯರು ದುಡಿಮೆಯ ಮೂಲ ಕಾನೂನಿನ ಹೊರಗೇ ಉಳಿದಿದ್ದಾರೆ. ಗೃಹಕಾರ್ಮಿಕರ ಕೆಲಸವೂ ಕೆಲಸವೇ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೮೯ನೆಯ ಒಡಂಬಡಿಕೆಯ ಮೂಲಕ ಸಾರಬೇಕಾಗಿ ಬಂದುದು ೨೦೧೧ರಷ್ಟು ತಡವಾಗಿ.

ಈವರೆಗೆ ನೋಡಿದ ಕೃತಿಗಳೆಲ್ಲ ಆರೈಕೆ ಪಡೆದ ಮನೆಯ ಕಡೆಯಿಂದ ಹುಟ್ಟಿದವು ಇಲ್ಲವೆ ಆ ನಗರದವರು ರಚಿಸಿದವು. ಶುಶ್ರೂಷಕಿಯೇ ಬರೆದರೆ? ಈ ಪ್ರಶ್ನೆಗೆ ದಾರಿಮಾಡಿಕೊಟ್ಟುದು ತೈವಾನಿನ ಪತ್ರಕರ್ತ ಚಾಂಗ್ ಚೆಂಗ್ ೨೦೧೪ರಲ್ಲಿ ಆರಂಭಿಸಿದ ವಲಸಿಗರ ಸಾಹಿತ್ಯ ಪುರಸ್ಕಾರ. ಅದರ ಹಿರಿಮೆ ಒಂದು ನಿಯಮದಲ್ಲಿದೆ. ವಲಸಿಗರು ಚೀನೀ ಭಾಷೆಯಲ್ಲಿ ಬರೆಯಬೇಕಾಗಿಲ್ಲ. ವಿಯೆಟ್ನಾಮೀ, ಇಂಡೊನೇಷ್ಯನ್, ಥಾಯ್, ತಗಾಲೊಗ್ ಭಾಷೆಗಳಲ್ಲಿ ಬರೆಯಬಹುದು. ಮೊದಲ ಸುತ್ತಿನ ತೀರ್ಪನ್ನು ಆಯಾ ಭಾಷೆ ಬಲ್ಲವರು ಕೊಡುತ್ತಾರೆ; ಆಮೇಲೆ ಅನುವಾದವಾಗಿ ಅಂತಿಮ ಸುತ್ತಿಗೆ ಬರುತ್ತವೆ. ಎಂದರೆ, ಕೇಳುವ ಶ್ರಮವನ್ನು ಆತಿಥೇಯ ಸಮಾಜ ತಾನು ವಹಿಸಿಕೊಂಡಿತು. ಜಪಾನಿನಲ್ಲಿ ಈ ಶ್ರಮ ಬಹುಕಾಲ ಬಂದವರ ಮೇಲೆಯೇ ಇದ್ದಿತು. ೨೦೦೮ರಿಂದ ಇಂಡೊನೇಷ್ಯದಿಂದಲೂ ೨೦೦೯ರಿಂದ ಫಿಲಿಪೀನ್ಸಿನಿಂದಲೂ ಒಪ್ಪಂದದ ಮೇಲೆ ಬಂದ ದಾದಿಯರೂ ಆರೈಕೆಗಾರರೂ ಅಲ್ಲಿನ ರಾಷ್ಟ್ರೀಯ ಪರೀಕ್ಷೆಯನ್ನು ಜಪಾನೀ ಭಾಷೆಯಲ್ಲಿ ಬರೆಯಬೇಕಿತ್ತು. ಹಾಸಿಗೆಹುಣ್ಣಿಗೆ ಜನ ಆಡುವ ಸುಲಭ ಮಾತಿದ್ದರೂ ಪರೀಕ್ಷೆಯಲ್ಲಿ ಬಿಡಿಸಲಾಗದ ಚೀನೀ ಅಕ್ಷರಗಳ ಶಾಸ್ತ್ರೀಯ ಪದವೇ ಬರುತ್ತಿತ್ತು. ಹುಣ್ಣನ್ನು ತೊಳೆದು ಮದ್ದು ಹಚ್ಚಬಲ್ಲವಳು ಅದರ ಹೆಸರನ್ನು ಓದಲಾರದೆ ಅನುತ್ತೀರ್ಣಳಾಗುವ ಈ ಸ್ಥಿತಿ ಟೀಕೆಗೆ ಗುರಿಯಾಗಿ, ಮುಂದೆ ಪ್ರಶ್ನೆಪತ್ರಿಕೆಯ ಭಾಷೆಯನ್ನು ಸರಳಗೊಳಿಸಬೇಕಾಯಿತು.

೭

ಈ ವಿಚಾರ ಹೊರನಾಡ ಕನ್ನಡಿಗರಿಗೆ ದೂರದ್ದಲ್ಲ. ೨೦೨೩ರ ಅಕ್ಟೋಬರಿನಲ್ಲಿ ಇಸ್ರೇಲಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿದ್ದ ಸುಮಾರು ೧೮,೦೦೦ ಭಾರತೀಯರಲ್ಲಿ ಬಹುಭಾಗ ವೃದ್ಧರ ಶುಶ್ರೂಷಕರೆಂಬುದು ಪತ್ರಿಕೆಗಳಿಂದ ಎಲ್ಲರಿಗೂ ತಿಳಿಯಿತು. ಅವರಲ್ಲಿ ಕೇರಳದವರು ಹೆಚ್ಚು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳವರೂ ಇದ್ದರು. ತುಳುವೋ ಕೊಂಕಣಿಯೋ ಕನ್ನಡವೋ ಮನೆಮಾತಾದ ಈ ಜನ ಹೀಬ್ರೂ ಕಲಿತು ಪರರ ಹಿರಿಯರನ್ನು ನೋಡಿಕೊಳ್ಳುತ್ತಿರುವಾಗ, ಅವರ ಹಿರಿ ಜೀವಗಳು ಕರಾವಳಿಯ ಮನೆಗಳಲ್ಲಿ ಫೋನಿನ ಕರೆಗಾಗಿ ಕಾದಿದ್ದುವು.

ವಲಸೆಯ ಬಾಳನ್ನು ಕನ್ನಡ ಸಾಹಿತ್ಯ ಅಲಕ್ಷಿಸಿಲ್ಲ. ಮುಂಬಯಿಯ ಉಡುಪಿ ಹೋಟೆಲುಗಳ ಹುಡುಗರು, ರಾತ್ರಿಶಾಲೆಗಳು, ಕಾರ್ಮಿಕರು ಕಥೆ ಕಾದಂಬರಿಗಳಲ್ಲಿ ಕಾಣಿಸಿಕೊಂಡಿದ್ದಾರೆ. ಯಶವಂತ ಚಿತ್ತಾಲರ ‘ಶಿಕಾರಿ’ (೧೯೭೯) ಆ ನಗರದ ಉದ್ಯೋಗಲೋಕದ ಭೀತಿಯನ್ನು ನಾಗಪ್ಪನ ಮನಸ್ಸಿನೊಳಗಿಂದ ತೋರಿಸಿತು. ವ್ಯಾಸರಾಯ ಬಲ್ಲಾಳರ ‘ಬಂಡಾಯ’ಕ್ಕೆ ೧೯೮೬ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಆದರೆ ವೃದ್ಧರ ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿಕೊಳ್ಳುವ ಹೆಂಗಸಿಗೆ ಕಥೆಯ ನಡುವೆ ಸ್ಥಾನ ಸಿಕ್ಕಿದುದು ಅಪರೂಪ. ಅವಳು ಕಾಫಿ ತಂದಿಟ್ಟು ಒಳಗೆ ಹೋಗುವ ಪಾತ್ರ. ಅವಳನ್ನು ಕರೆಯುವ ಪದಗಳೂ ಹಾಗೆಯೇ ಇವೆ. ಮುಂಬಯಿಯ ಆಸ್ಪತ್ರೆಗಳಲ್ಲಿ ಆಯಾಳನ್ನು ಮರಾಠಿಯಲ್ಲಿ ‘ಮಾವಶಿ’ ಎನ್ನುತ್ತಾರೆ, ಎಂದರೆ ತಾಯಿಯ ಸೋದರಿ. ದಾದಿ ‘ಸಿಸ್ಟರ್’ ಆಗುತ್ತಾಳೆ. ಎಲ್ಲವೂ ನೆಂಟಸ್ತಿಕೆಯ ಹೆಸರುಗಳು. ನೆಂಟಸ್ತಿಕೆಯ ಹೆಸರು ಹತ್ತಿರಕ್ಕೆ ತರುತ್ತದೆ. ಅವಳ ಸ್ವಂತ ಹೆಸರನ್ನು ಕೇಳುವ ಅಗತ್ಯವನ್ನೂ ತಪ್ಪಿಸುತ್ತದೆ.

ಹೊರನಾಡ ಕನ್ನಡಿಗನೊಬ್ಬನ ಮನೆಯನ್ನು ಊಹಿಸಿಕೊಳ್ಳಬಹುದು. ಅವನು ನಲುವತ್ತು ವರ್ಷಗಳ ಹಿಂದೆ ಊರು ಬಿಟ್ಟವನು. ಊರಿನಲ್ಲಿ ತಾಯಿಯನ್ನು ನೋಡಿಕೊಳ್ಳಲು ಹತ್ತಿರದ ಹಳ್ಳಿಯ ಹೆಂಗಸೊಬ್ಬಳನ್ನು ಗೊತ್ತುಮಾಡಿದ್ದಾನೆ. ತಿಂಗಳಿಗೊಮ್ಮೆ ಹಣ ಕಳುಹಿಸುತ್ತಾನೆ. ಅವನ ಮಕ್ಕಳು ಸಮುದ್ರದಾಚೆ ಇದ್ದಾರೆ. ನಾಳೆ ಅವನಿಗೂ ಒಬ್ಬಳು ಬೇಕಾಗುವಳು. ಆರೈಕೆಯ ಸರಪಳಿಯಲ್ಲಿ ಅವನು ನಡುವಿನ ಕೊಂಡಿ: ಒಂದು ಕೈಯಲ್ಲಿ ವಲಸಿಗ, ಇನ್ನೊಂದು ಕೈಯಲ್ಲಿ ಒಡೆಯ. ೨೦೦೭ರ ಕಾನೂನು ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಹೊಣೆಯೆಂದು ವಿಧಿಸಿದೆ. ಆ ಹೊಣೆಯನ್ನು ಸಂಬಳಕ್ಕೆ ಹೊತ್ತವಳ ವಿಷಯದಲ್ಲಿ ಅದು ಮೌನವಾಗಿದೆ. ೨೦೧೧ರ ಜನಗಣತಿಯಲ್ಲಿಯೇ ದೇಶದಲ್ಲಿ ಅರುವತ್ತು ದಾಟಿದವರು ಹತ್ತು ಕೋಟಿಗೂ ಮಿಕ್ಕಿದ್ದರು. ಈ ಮೌನ ಇನ್ನು ಬಹುಕಾಲ ಸಾಗಲಾರದು.

ಸಾಹಿತ್ಯ ಕಾನೂನನ್ನು ಮಾಡಲಾರದು; ಅದರ ಕೆಲಸ ಬೇರೆ. ‘ಶುಶ್ರೂಷೆ’ ಎಂಬ ಪದವನ್ನು ಕನ್ನಡಿಗರು ರೋಗಿಯ ಉಪಚಾರವೆಂಬ ಅರ್ಥದಲ್ಲಿ ಬಳಸುತ್ತಾರೆ. ಸಂಸ್ಕೃತದಲ್ಲಿ ಅದರ ಮೂಲ ‘ಶ್ರು’ ಧಾತು. ಕೇಳುವ ಇಚ್ಛೆ ಎಂಬುದೇ ಅದರ ಮೊದಲ ಅರ್ಥ. ಗುರುವಿನ ಮಾತನ್ನು ಕೇಳಲು ಬಯಸುವವನು ಅವನ ಸೇವೆಮಾಡುತ್ತಾನಾದುದರಿಂದ ಸೇವೆಯೆಂಬ ಅರ್ಥ ಅನಂತರ ಬಂದಿತು. ವೃದ್ಧನ ನರಳಿಕೆಯನ್ನು ನಡುರಾತ್ರಿ ಕೇಳಿ ಏಳುವವಳು, ನೂರು ಬಾರಿ ಹೇಳಿದ ಹಳೆಯ ಕಥೆಯನ್ನು ನೂರೊಂದನೆಯ ಬಾರಿ ಕೇಳುವವಳು ನಿಜವಾಗಿಯೂ ಶುಶ್ರೂಷಕಿ. ಅವಳ ಮಾತನ್ನು ಕೇಳುವ ಇಚ್ಛೆ ಯಾರಿಗಿದೆ? ಅವಳು ಏನಾಗಿದ್ದಳೆಂದು ಮನೆಯವರು ಹೇಳುವುದನ್ನು ಬರೆದುಕೊಳ್ಳುವುದು ಸುಲಭ. ತಾನು ಏನಾಗಿದ್ದೆನೆಂದು ಅವಳು ಹೇಳುವುದನ್ನು, ಅವಳ ನುಡಿಯಲ್ಲಿ, ಅವಳ ಹೆಸರಿನಲ್ಲಿ, ಸಂಬಳದ ಮೊತ್ತವನ್ನೂ ಪ್ರೀತಿಯ ಮೊತ್ತವನ್ನೂ ಬಿಡದೆ ಕೇಳಿ ಬರೆಯುವ ಕೃತಿ ಕನ್ನಡದಲ್ಲಿ ಬರಬೇಕಾಗಿದೆ. ಅಂಥ ಕೃತಿ ಬಂದ ದಿನ ‘ಮನೆಮಗಳಂತೆ’ ಎಂಬ ಮಾತನ್ನು ಆಡುವವರು ಒಂದು ಗಳಿಗೆ ತಡೆದು ಆಡುತ್ತಾರೆ.